ನೀಲಗಿರಿ ಉಳಿಕೆಗೆ ಲೋಡಿನ ಲೆಕ್ಕ ಸಾಲದು

ಮಾನ್ಯ ಸಂಪಾದಕರೇ,

ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನ ಅಂಚಿನಲ್ಲಿದ್ದ ನೀಲಗಿರಿ ತೋಪನ್ನು ಕಳೆದ ಏಪ್ರಿಲ್‌ನಲ್ಲಿ ಕಡಿಯಲಾಯಿತು. ದಿಮ್ಮಿಗಳು ಲಾರಿ ಏರಿದ ಮೇಲೆ ಉಳಿದ ತುದಿ, ರೆಂಬೆ, ತೊಗಟೆಗಳನ್ನು ಗುತ್ತಿಗೆದಾರರು ‘ಹತ್ತು ಲೋಡ್ ಆದೀತು’ ಎಂದು ಕಣ್ಣಂದಾಜಿನಲ್ಲೇ ಬಾಯ್ಲರ್ ಸೌದೆಗೆ ಮಾರಿದರು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದ್ದರೂ ಹಳೆಯ ತೋಪುಗಳ ಮೋಟುಗಳಿಂದ ಚಿಗುರಿದ ಮರಗಳು ಇನ್ನೂ ಕಡಿತಕ್ಕೆ ಬರುತ್ತಿರುವುದರಿಂದ ಈ ಅಂದಾಜಿನ ವ್ಯಾಪಾರ ಒಂದೇ ಊರಿನ ಮಾತಲ್ಲ.

ಅಂದು ನಾನು ಒಂದು ಹೊರೆ ರೆಂಬೆಯನ್ನು ತೂಗಿಟ್ಟೆ. ಕಡಿದ ದಿನ 20 ಕೆ.ಜಿ. ಇದ್ದದ್ದು ಮೂರು ವಾರ ಅಂಗಳದ ಬಿಸಿಲಿಗೆ ಒಣಗಿ ಅದೇ ತಕ್ಕಡಿಯಲ್ಲಿ 12 ಕೆ.ಜಿ.ಗೆ ಇಳಿಯಿತು. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರನ್ನು ಆವಿಯಾಗಿಸಲು ಬಾಯ್ಲರಿನ ಶಾಖವೇ ಖರ್ಚಾಗುತ್ತದೆ. ಆದ್ದರಿಂದ ಮಾದರಿ ತುಂಡುಗಳನ್ನು 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ, ಒಣ ತೂಕದ ಮೇಲೆಯೇ ದರ ಕಟ್ಟುವುದು ನ್ಯಾಯ.

ನೆಲದ ಮೇಲೆ ಚದುರಿದ್ದನ್ನು ಅಳೆಯುವುದೂ ಕಷ್ಟವಲ್ಲ. ನ್ಯೂಜಿಲೆಂಡಿನ ಪೈನ್ ನೆಡುತೋಪುಗಳ ಕಡಿತದ ಉಳಿಕೆಯನ್ನು ಅಳೆಯಲೆಂದೇ ವಾರೆನ್ ಮತ್ತು ಓಲ್ಸೆನ್ 1964ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ನೆಲದ ಮೇಲೆ ನೇರ ಗೆರೆ ಎಳೆದು, ಅದಕ್ಕೆ ಅಡ್ಡ ಬಿದ್ದ ತುಂಡುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮುಂದೆ ಬಳಕೆಗೆ ಬಂದ ಸೂತ್ರದಂತೆ, 100 ಮೀಟರ್ ಗೆರೆಗೆ 4 ಸೆಂ.ಮೀ. ದಪ್ಪದ 20 ತುಂಡುಗಳು ಸಿಕ್ಕರೆ ಹೆಕ್ಟೇರಿಗೆ ಸುಮಾರು 4 ಘನ ಮೀಟರ್ ಮರವಿದೆ ಎಂದರ್ಥ. ಉದ್ದನೆಯ ಟೇಪು, ದಪ್ಪ ಅಳೆಯುವ ಒಂದು ಕ್ಯಾಲಿಪರ್ ಮತ್ತು ಇಬ್ಬರು ಆಳುಗಳಿದ್ದರೆ ಸಾಕು. ತುಂಡುಗಳು ಒಂದೇ ದಿಕ್ಕಿಗೆ ಬಿದ್ದಿರಬಹುದಾದ್ದರಿಂದ ಗೆರೆಗಳನ್ನು ಬೇರೆ ಬೇರೆ ದಿಕ್ಕಿಗೆ ಎಳೆಯಬೇಕು, ಅಷ್ಟೇ.

ದಪ್ಪದ ಪ್ರಕಾರ ವಿಂಗಡಿಸಿ ಬರೆದುಕೊಳ್ಳುವುದಂತೂ ಅಗತ್ಯ. ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ರೇಯಾನ್ ನಾರಿಗೆ ಬೇಕಾದ ಮರದ ತಿರುಳು (ಪಲ್ಪ್) ತಯಾರಾಗುತ್ತದೆ. ಇಂಥ ತಿರುಳಿಗೆ ತೊಗಟೆ ಸುಲಿದ ಮರ ಬೇಕು. ತಿರುಳಿಗೆ ಒದಗುವ ದಪ್ಪ ತುದಿಗಳನ್ನು ತೊಗಟೆ, ಪುಳ್ಳೆಗಳ ಜೊತೆ ಒಂದೇ ರಾಶಿ ಮಾಡಿ ಸುಟ್ಟರೆ ಒಳ್ಳೆಯ ನಾರನ್ನು ಬೂದಿ ಮಾಡಿದಂತಾಗುತ್ತದೆ.

ಅಳೆದದ್ದೆಲ್ಲ ಮಾರಾಟಕ್ಕೂ ಅಲ್ಲ. ಮರದ ಪೋಷಕಾಂಶಗಳು ಎಲೆಯಲ್ಲೇ ದಟ್ಟವಾಗಿರುವುದರಿಂದ ಎಲೆ ನೆಲದಲ್ಲೇ ಉಳಿಯಬೇಕು. ಹಿಂದೆಲ್ಲ ಕಡಿತ ಮುಗಿದ ವಾರವಿಡೀ ನಮ್ಮೂರ ಹೆಂಗಸರು ತಲೆಹೊರೆಯಲ್ಲಿ ಸೌದೆ ತರುತ್ತಿದ್ದರು. ಈ ಬಾರಿ ಲಾರಿ ಬಂದ ಮರುದಿನ ಅವರು ಬರಿಗೈಯಲ್ಲಿ ಹಿಂತಿರುಗಿದರು. ಮುಂದಿನ ಕಡಿತದ ಟೆಂಡರಿನಲ್ಲಿ ನೆಲದ ಎಲೆ, ಹೆಂಗಸರ ಸೌದೆ ಎಂಬ ಈ ಎರಡು ಪಾಲನ್ನು ಮೊದಲು ಕಳೆದು, ಮಿಕ್ಕದ್ದರ ಒಣ ತೂಕವನ್ನು ನಮೂದಿಸಬೇಕೆಂದು ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿನಂತಿಸುತ್ತೇನೆ.

– ಒಬ್ಬ ರೈತ, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ