ಮನೆ ಬಿಟ್ಟು ಬಂದ ಮಕ್ಕಳಿಗಾಗಿ: ರೈಲು ಪ್ರಯಾಣಿಕರ ಗುಂಪಿನ ಸದಸ್ಯರ ಗಮನಕ್ಕೆ

ಆತ್ಮೀಯರೇ,

ಬೀದಿ ಮಕ್ಕಳಿಗಾಗಿ ಕೆಲಸ ಮಾಡುವ ಬೆಂಗಳೂರಿನ ಬಾಸ್ಕೋ ಸಂಸ್ಥೆಯ ಬಗ್ಗೆ ಕೆಲವರು ಕೇಳಿದ್ದಿರಿ. 1980ರಲ್ಲಿ ಅದು ಶುರುವಾದದ್ದು ಕಟ್ಟಡದಿಂದಲ್ಲ. ಸಲೇಷಿಯನ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಭೆಯ ಯುವ ವಿದ್ಯಾರ್ಥಿಗಳು ಬೀದಿಗೇ ಹೋಗಿ, ಅಲ್ಲಿ ಬದುಕುತ್ತಿದ್ದ ಹುಡುಗರ ಸ್ನೇಹ ಬೆಳೆಸಿದರು. ಆಶ್ರಯ ಕೇಂದ್ರ, ಶಾಲೆಗೆ ಮರಳಿಸುವುದು, ವೃತ್ತಿ ತರಬೇತಿ ಎಲ್ಲವೂ ಆಮೇಲೆ ಒಂದೊಂದಾಗಿ ಬೆಳೆದವು. ಈ ಕ್ರಮವೇ ನನಗೆ ಅತ್ಯಂತ ಸರಿಯೆನಿಸುತ್ತದೆ. ಹೆದರಿ ಓಡಿಬಂದ ಮಗುವಿಗೆ ಹಾಸಿಗೆಗಿಂತ ಮೊದಲು ನಂಬಿಕೆ ಬೇಕು.

ಇಂಥ ಮಕ್ಕಳು ಹೆಚ್ಚಾಗಿ ಬಂದಿಳಿಯುವುದು ನಾವು ದಿನವೂ ಓಡಾಡುವ ರೈಲು ನಿಲ್ದಾಣಗಳಲ್ಲೇ. ಮೊದಲ ಕೆಲವು ಗಂಟೆಗಳಲ್ಲಿ ಯಾರ ಕೈಗೆ ಸಿಗುತ್ತಾರೆ ಎಂಬುದು ಬಹಳ ಮುಖ್ಯ. ಒಂಟಿಯಾಗಿ ಅಲೆಯುತ್ತಿರುವ ಮಗು ಕಂಡರೆ ದಯವಿಟ್ಟು ಗದರಿಸಬೇಡಿ, ಮನೆಗೆ ಕರೆದೊಯ್ಯಲೂ ಬೇಡಿ. ಪಕ್ಕದಲ್ಲಿ ನಿಂತು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ವೆ ಪೊಲೀಸರಿಗೆ ತಿಳಿಸಿ. ಕಾನೂನಿನಂತೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಇನ್ನೊಂದು ವಿನಂತಿ: ಮಗುವಿನ ಫೋಟೋವನ್ನು ಈ ಗುಂಪಿನಲ್ಲಿ ಖಂಡಿತ ಹಾಕಬೇಡಿ. ಹೊಡೆತ ತಾಳಲಾರದೆ ಮನೆ ಬಿಟ್ಟಿರಬಹುದು. ಹೊಡೆದವರಿಗೇ ಅದರ ಸುಳಿವು ಸಿಗಬಾರದು.