ಸ್ನೋಮೊಬೈಲ್ ರೈಡ್: ಹಿಂದೆ ಬರೋರನ್ನ ನೋಡ್ಕೊಳ್ಳೋದರ ಬಗ್ಗೆನೂ ಬರೀರಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಚಳಿಗಾಲದ ಪ್ರವಾಸದ ಬಗ್ಗೆ ಬಂದಿದ್ದ ಲೇಖನ ಓದಿದೆ. ಫೋಟೋಗಳು ತುಂಬಾ ಚೆನ್ನಾಗಿದ್ವು, ಸ್ನೋಮೊಬೈಲ್ (ಹಿಮದ ಮೇಲೆ ಓಡಿಸೋ ಮೋಟಾರು ಗಾಡಿ) ಬಾಡಿಗೆ ಎಷ್ಟು, ಎಷ್ಟು ಸ್ಪೀಡಲ್ಲಿ ಹೋಗತ್ತೆ, ಯಾವ ಜಾಕೆಟ್ ಹಾಕ್ಬೇಕು ಎಲ್ಲ ಇತ್ತು. ಆದ್ರೆ ಎಂಟ್ಹತ್ತು ಜನ ಸೇರ್ಕೊಂಡು ಒಂದಿಡೀ ದಿನ ಕಾಡಿನ ದಾರೀಲಿ ಹೋಗ್ಬೇಕಾದ್ರೆ ಹೇಗೆ ಹೋಗ್ಬೇಕು, ಹೊರಟವರೆಲ್ಲ ಸಂಜೆ ಒಟ್ಟಿಗೆ ವಾಪಸ್ ಬರ್ಬೇಕಾದ್ರೆ ಏನು ಮಾಡ್ಬೇಕು ಅನ್ನೋದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಅಮೆರಿಕದ ಉತ್ತರ ಭಾಗದ ಮಿನ್ನೆಸೋಟಾ ರಾಜ್ಯದಲ್ಲಿ ಇರೋನು, ಚಳಿಗಾಲದಲ್ಲಿ ಫ್ರೆಂಡ್ಸ್ ಜೊತೆ ಈ ರೈಡಿಗೆ ಹೋಗ್ತಾ ಇರ್ತೀನಿ. ಈಗೀಗ ನಮ್ಮ ಕನ್ನಡದ ಹುಡುಗ್ರು ಹುಡುಗೀರು, ಊರಿಂದ ಬಂದ ಭಾವ ಮೈದುನರು ಎಲ್ಲ ಬಾಡಿಗೆ ಗಾಡಿ ತಗೊಂಡು ಬರೋದು ಜಾಸ್ತಿ ಆಗ್ತಿದೆ, ಸಂತೋಷನೇ, ಆದ್ರೆ ಅವರಲ್ಲಿ ಎಷ್ಟೋ ಜನಕ್ಕೆ ಹೊರಡೋ ಮುಂಚೆ ಯಾರೂ ಏನೂ ಹೇಳಿರಲ್ಲ, ಅದಕ್ಕೇ ಈ ಪತ್ರ.

ಗುಲ್ಮಾರ್ಗಲ್ಲೋ ಸೋಲಂಗಲ್ಲೋ ಸ್ನೋ ಸ್ಕೂಟರ್ ಹತ್ತಿದವರು ಇದೂ ಹಾಗೇ ಅಂದ್ಕೊಂಡು ಬರ್ತಾರೆ. ಅಲ್ಲಿ ಸಾಮಾನ್ಯವಾಗಿ ಗಾಡಿಯವನೇ ಜೊತೇಲಿ ಕೂತು ಒಂದು ರೌಂಡ್ ಹೊಡಿಸ್ತಾನೆ, ಅಷ್ಟೆ. ಇಲ್ಲಿ ಇನ್ನೂರೈವತ್ತು ಕೆಜಿ ಹತ್ತಿರ ತೂಗೋ ಗಾಡೀನ ನೀವೇ ಓಡಿಸ್ಬೇಕು, ಅದೂ ಮೊಬೈಲ್ ಸಿಗ್ನಲ್ ಇಲ್ಲದ ಕಾಡಲ್ಲಿ. ಡುಲೂತ್‌ನಿಂದ ಗ್ರ್ಯಾಂಡ್ ಮರೇವರೆಗೆ ಸುಪೀರಿಯರ್ ಸರೋವರದ ಹಿಂದಿನ ಗುಡ್ಡಗಳ ಮೇಲೆ ನಾರ್ತ್ ಶೋರ್ ಸ್ಟೇಟ್ ಟ್ರೇಲ್ ಅಂತ ಒಂದು ಕಾಡಿನ ದಾರಿ ಇದೆ, 146 ಮೈಲಿ, ಅಂದ್ರೆ ಸುಮಾರು 235 ಕಿಲೋಮೀಟರ್. ಅಲ್ಲಲ್ಲಿ ಮರದ ಶೆಲ್ಟರ್ ಬಿಟ್ರೆ ಬರೀ ಸ್ಪ್ರೂಸ್, ಬರ್ಚ್ ಮರಗಳು, ಪೆಟ್ರೋಲ್ ಬೇಕು ಅಂದ್ರೆ ಟ್ರೇಲ್ ಬಿಟ್ಟು ಕೆಳಗಿನ ಊರಿಗೆ ಇಳೀಬೇಕು. ನಾನು ನೋಡಿದ ಜಾಗಗಳಲ್ಲಿ ಇಷ್ಟು ಚೆಂದದ್ದು ಬೇರೆ ಇಲ್ಲ, ಯಾರೂ ಹೋಗ್ಬೇಡಿ ಅಂತ ನಾನು ಖಂಡಿತ ಹೇಳ್ತಿಲ್ಲ.

ಇಂಥ ಕಡೆ ಗುಂಪಲ್ಲಿ ಹೋಗೋದು ಅಂದ್ರೆ ಒಬ್ರ ಹಿಂದೆ ಒಬ್ರು ಗಾಡಿ ಬಿಡೋದಲ್ಲ ಸರ್. ದಾರಿ ಗೊತ್ತಿರೋರು ಒಬ್ರು ಮುಂದೆ, ಚೆನ್ನಾಗಿ ಓಡಿಸೋ ಇನ್ನೊಬ್ರು ಕಟ್ಟಕಡೆಗೆ, ಹೊಸಬರು ಮಧ್ಯದಲ್ಲಿ ಇರ್ಬೇಕು, ಯಾಕಂದ್ರೆ ಹೊಸಬರನ್ನ ಕೊನೆಗೆ ಬಿಟ್ರೆ ಅವರು ಬಿದ್ರೂ ಯಾರಿಗೂ ಗೊತ್ತಾಗಲ್ಲ. ಮುಂದಿನ ಗಾಡಿ ಎಬ್ಬಿಸೋ ಹಿಮದ ಪುಡಿ ಹೆಲ್ಮೆಟ್ ಗಾಜಿಗೆ ಬಡಿದು ಎದುರಿಗೆ ಏನೂ ಕಾಣ್ಸಲ್ಲ, ಆಗ ಹೊಸಬರು ದಾರಿ ತಪ್ಪೀತು ಅಂತ ಹೆದ್ರಿ ಇನ್ನೂ ಹತ್ರ ಹೋಗ್ತಾರೆ, ಅಲ್ಲೇ ಡಿಕ್ಕಿ ಆಗೋದು. ದೂರ ಬಿಟ್ಟು ಹೋಗೋಕೆ ಧೈರ್ಯ ಬರ್ಬೇಕು ಅಂದ್ರೆ ತಿರುವಲ್ಲಿ ನನಗೋಸ್ಕರ ಒಬ್ರು ನಿಂತಿರ್ತಾರೆ ಅನ್ನೋ ನಂಬಿಕೆ ಇರ್ಬೇಕು. ಹಾಗಾಗಿ ಪ್ರತಿ ಕವಲಲ್ಲೂ ಮುಂದಿನವರು ನಿಲ್ಲಿಸಿ ಹಿಂದಿನವರ ಹೆಡ್‌ಲೈಟ್ ಕಾಣೋವರೆಗೂ ಕಾಯ್ಬೇಕು, ಅವರು ತನ್ನನ್ನ ನೋಡಿದ್ರು ಅಂತ ಖಾತ್ರಿ ಆದ್ಮೇಲೇ ತಿರುಗ್ಬೇಕು. ಎಲ್ಲರೂ ತಮ್ಮ ಹಿಂದಿನ ಒಬ್ಬರನ್ನ ನೋಡ್ಕೊಂಡ್ರೆ ಸಾಕು, ಹತ್ತು ಗಾಡಿ ಆದ್ರೂ ಯಾರೂ ಕಳೆದುಹೋಗಲ್ಲ. ಎದುರಿಂದ ಬೇರೆ ಗುಂಪು ಬಂದ್ರೆ ಎಡಗೈ ಹೆಬ್ಬೆರಳನ್ನ ಭುಜದ ಹಿಂದಕ್ಕೆ ತೋರಿಸಿದ್ರೆ ಹಿಂದೆ ಇನ್ನೂ ಗಾಡಿ ಇದೆ ಅಂತ, ಕಟ್ಟಕಡೆಯವರು ಮುಷ್ಟಿ ಕಟ್ಟಿ ಭುಜದ ಎತ್ತರಕ್ಕೆ ಎತ್ತಿದ್ರೆ ನಾನೇ ಕೊನೆ ಅಂತ. ತಿರುವಲ್ಲಿ ಹ್ಯಾಂಡಲಿಂದ ಕೈ ತೆಗೆಯೋಕೆ ಆಗದಿದ್ರೆ ತೆಗೀಬೇಡಿ, ಬಲಕ್ಕೆ ಒತ್ತಿಕೊಂಡು ನಿಧಾನ ಮಾಡಿ.

ಒಂದ್ಸಲ ನಮ್ಮ ಜೊತೆ ಮೊದಲ ಬಾರಿ ಬಂದಿದ್ದ ಒಬ್ಬ ಹುಡುಗಿಯ ಗಾಡಿ, ಎಂಜಿನ್ ಶಕ್ತೀನ ಮುಂದಕ್ಕೆ ದಾಟಿಸೋ ಡ್ರೈವ್ ಬೆಲ್ಟ್ ಹರಿದು ನಿಂತ್ಬಿಡ್ತು. ಕೊನೆಯಲ್ಲಿದ್ದೋರು ಅಲ್ಲೇ ನಿಂತ್ರು, ಮುಂದಿನ ಕವಲಲ್ಲಿ ಕಾಯ್ತಿದ್ದೋರು ಹೆಡ್‌ಲೈಟ್ ಕಾಣ್ಲಿಲ್ಲ ಅಂತ ವಾಪಸ್ ತಿರುಗಿ ಬಂದ್ರು. ಸ್ಪೇರ್ ಬೆಲ್ಟ್ ಇತ್ತು, ಆದ್ರೆ ದಪ್ಪ ಗ್ಲೌಸಲ್ಲಿ ಕೆಲಸ ಆಗಲ್ಲ, ಬರಿಗೈಲಿ ಎರಡು ನಿಮಿಷ ಲೋಹ ಮುಟ್ಟಿದ್ರೆ ಬೆರಳು ಮರಗಟ್ಟತ್ತೆ, ಒಬ್ರಾದ್ಮೇಲೆ ಒಬ್ರು ಕೈ ಬದಲಾಯಿಸ್ಕೊಂಡು, ಬಿಟ್ಟವರು ಕೈಯನ್ನ ಕಂಕುಳಲ್ಲಿ ಇಟ್ಕೊಂಡು, ಹಾಗೆ ಬೆಲ್ಟ್ ಹಾಕಿದ್ವಿ. ಆ ಹುಡುಗಿ ಒಬ್ಬಳೇ ಇದ್ದಿದ್ರೆ? ಮೈನಸ್ 20 ಡಿಗ್ರೀಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ರೆ ಮೈಗೆ ತಟ್ಟೋ ಚಳಿ ಮೈನಸ್ 35ರ ಹತ್ತಿರ. ಡಿಸೆಂಬರಲ್ಲಿ ಅಲ್ಲಿ ಸಂಜೆ ನಾಲ್ಕೂವರೆ ಒಳಗೆ ಸೂರ್ಯ ಮುಳುಗಿಬಿಡ್ತಾನೆ, ಅದಕ್ಕೇ ಡೇ ರೈಡ್ ಅಂದ್ರೆ ಬೆಳಿಗ್ಗೆ ಬೇಗ ಹೊರಟು ಮೂರು ಗಂಟೆಗೆಲ್ಲ ವಾಪಸ್ ದಾರಿ ಹಿಡೀಬೇಕು.

ಇನ್ನು ಕೆರೆಗಳ ವಿಷಯ, ಇದನ್ನ ದಯವಿಟ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಹೆಪ್ಪುಗಟ್ಟಿದ ಕೆರೆ ನೋಡಿದ್ ತಕ್ಷಣ ನಮ್ಮವರಿಗೆ ಟ್ರೇಲ್ ಬಿಟ್ಟು ಅದರ ಮೇಲೆ ಫುಲ್ ಸ್ಪೀಡಲ್ಲಿ ಹೋಗಿ ವಿಡಿಯೋ ಮಾಡ್ಬೇಕು ಅನ್ಸತ್ತೆ. ಮಿನ್ನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳೋ ಪ್ರಕಾರ ಒಬ್ಬ ಮನುಷ್ಯ ನಡೆಯೋಕೆ ಕನಿಷ್ಠ 4 ಇಂಚು, ಸ್ನೋಮೊಬೈಲಿಗೆ 5ರಿಂದ 7 ಇಂಚು ದಪ್ಪ ಇರ್ಬೇಕು, ಅದೂ ಹೊಸದಾಗಿ ಕಟ್ಟಿದ ತಿಳಿಯಾದ ಐಸ್ ಆದ್ರೆ ಮಾತ್ರ, ಬೆಳ್ಳಗಿದ್ರೆ ಅದರ ಎರಡರಷ್ಟು. ಮೇಲೆ ಹಿಮ ಬಿದ್ದಿದ್ರೆ ಐಸ್ ಗಟ್ಟಿ ಇರತ್ತೆ ಅಂದ್ಕೊಳ್ಳೋದು ತಪ್ಪು, ಹಿಮ ಕಂಬಳಿ ಹೊದಿಸಿದ ಹಾಗೆ ಚಳಿ ತಾಗದಂತೆ ಮಾಡಿ ಐಸ್ ದಪ್ಪ ಆಗೋದನ್ನ ತಡೆಯತ್ತೆ. ತೊರೆ ಬಂದು ಸೇರೋ ಜಾಗ, ನೀರು ಹೊರಗೆ ಹರಿಯೋ ಜಾಗ ಇನ್ನೂ ತೆಳು. ಒಂದೇ ಕೆರೇಲಿ ಒಂದು ಕಡೆ ಹತ್ತು ಇಂಚು, ಸ್ವಲ್ಪ ದೂರದಲ್ಲಿ ಎರಡು ಇಂಚು ಇರಬಹುದು. ಗುರುತಿನ ಕಂಬ ನೆಟ್ಟಿರೋ ದಾರಿ ಇದ್ರೂ ಊರಿನವರನ್ನ ಕೇಳದೆ ಇಳೀಬೇಡಿ.

ಟ್ರೇಲ್ ಬಿಡಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣನೂ ಇದೆ. ಈ ರಾಜ್ಯದಲ್ಲಿ ಸುಮಾರು 22,000 ಮೈಲಿ ಸ್ನೋಮೊಬೈಲ್ ಟ್ರೇಲ್ ಇದೆ, ಅದರಲ್ಲಿ ಬಹುಪಾಲು ನೋಡ್ಕೊಳ್ಳೋದು ಹಳ್ಳಿಗಳ ಸ್ನೋಮೊಬೈಲ್ ಕ್ಲಬ್‌ಗಳು. ಹಗಲು ತಮ್ಮ ತಮ್ಮ ಕೆಲಸ ಮಾಡಿ, ರಾತ್ರಿ ಟ್ರ್ಯಾಕ್ಟರ್ ಹಿಂದೆ ಹಿಮ ಸಮ ಮಾಡೋ ದೊಡ್ಡ ಡ್ರ್ಯಾಗ್ ಕಟ್ಕೊಂಡು ಹೊರಡ್ತಾರೆ, ರಾತ್ರಿನೇ ಯಾಕಂದ್ರೆ ಓಡಾಟ ಇಲ್ದೆ, ಚಳಿ ಬಿದ್ದು, ಹಿಮ ಗಟ್ಟಿಯಾಗಿ ಕೂರೋಕೆ ಕೆಲವು ಗಂಟೆ ಬೇಕು. ಎಷ್ಟೋ ಕಡೆ ಟ್ರೇಲ್ ಹಾದುಹೋಗೋದು ರೈತರ ಸ್ವಂತ ಜಮೀನಲ್ಲಿ, ಅವರು ಒಪ್ಪಿ ಬಿಟ್ಟಿರೋ ದಾರಿ ಅದು. ಯಾರೋ ಒಬ್ರು ಹೊಲಕ್ಕೆ ನುಗ್ಗಿದ್ರೆ ಮುಂದಿನ ವರ್ಷ ಆ ರೈತ ಬೇಡ ಅಂತಾನೆ, ಇಡೀ ದಾರಿನೇ ಮುಚ್ಚಿಹೋಗತ್ತೆ. ಇದನ್ನ ನೋಡಿದ್ರೆ ನನಗೆ ತುಂಬಾ ಬೇಜಾರಾಗತ್ತೆ, ಯಾಕಂದ್ರೆ ಆ ಕ್ಲಬ್ಬಿನವರು ನಮ್ಮಂಥ ಹೊಸಬರನ್ನ ಎಷ್ಟು ಪ್ರೀತಿಯಿಂದ ಮಾತಾಡಿಸ್ತಾರೆ ಅಂತ ನಾನು ಕಣ್ಣಾರೆ ಕಂಡಿದೀನಿ. 2023-24ರ ಚಳಿಗಾಲದಲ್ಲಂತೂ ಹಿಮನೇ ಬೀಳದೆ ಟ್ರೇಲ್‌ಗಳು ಹೆಚ್ಚುಕಮ್ಮಿ ಖಾಲಿ ಬಿದ್ದಿದ್ವು, ಇದೇ ನಾರ್ತ್ ಶೋರ್ ಕಡೆಯ ಪ್ರಸಿದ್ಧ ಬೇರ್‌ಗ್ರೀಸ್ ನಾಯಿಬಂಡಿ ರೇಸ್ ಕೂಡ ರದ್ದಾಯ್ತು. ಹಿಮ ಸಿಗೋದೇ ಗ್ಯಾರಂಟಿ ಇಲ್ದಿರೋ ಕಾಲದಲ್ಲಿ ಅವರು ಇಷ್ಟು ಕಷ್ಟಪಟ್ಟು ದಾರಿ ಮಾಡಿಡ್ತಾರೆ.

ಕಾನೂನಿನ ವಿಷಯನೂ ಹೇಳ್ಬಿಡ್ತೀನಿ. ಮಿನ್ನೆಸೋಟಾದ ನಿವಾಸಿಗಳಲ್ಲಿ 1976ರ ಡಿಸೆಂಬರ್ 31ರ ನಂತರ ಹುಟ್ಟಿದವರು ಇಲ್ಲಿ ಸ್ನೋಮೊಬೈಲ್ ಓಡಿಸೋಕೆ ಸೇಫ್ಟಿ ಸರ್ಟಿಫಿಕೇಟ್ ತಗೋಬೇಕು, ದೊಡ್ಡವರು ಆನ್‌ಲೈನಲ್ಲೇ ಕೋರ್ಸ್ ಮಾಡಬಹುದು. ಸ್ಪೀಡ್ ಲಿಮಿಟ್ ಗಂಟೆಗೆ 50 ಮೈಲಿ, ಆದ್ರೆ ಕಾಡಿನ ತಿರುವಲ್ಲಿ ಅದರ ಅರ್ಧನೇ ಜಾಸ್ತಿ. ಊಟಕ್ಕೆ ನಿಲ್ಲಿಸೋ ಜಾಗದಲ್ಲಿ ಬಾರ್ ಇರತ್ತೆ, ಒಂದು ಬಿಯರ್ ಪರವಾಗಿಲ್ಲ ಅನ್ನೋ ಮಾತು ಬರತ್ತೆ. ಕುಡಿದು ಸ್ನೋಮೊಬೈಲ್ ಓಡಿಸಿ ಸಿಕ್ಕಿಬಿದ್ರೆ ಕಾರಿನ ಲೈಸೆನ್ಸೂ ಹೋಗೋ ಹಾಗೆ 2018ರಲ್ಲಿ ಕಾನೂನು ಬಿಗಿ ಮಾಡಿದ್ದಾರೆ, ವೀಸಾ ಮೇಲೆ ಇರೋರಿಗೆ ಅದಕ್ಕಿಂತ ದೊಡ್ಡ ತೊಂದರೆ ಆಗಬಹುದು. ಬಾಡಿಗೆ ಕೊಡೋ ಕಡೆ ಒಂದೆರಡು ಜಾಗದಲ್ಲಿ ಥ್ರಾಟಲ್ ಇದು, ಬ್ರೇಕ್ ಇದು ಅಂತ ತೋರಿಸಿ ಕಳಿಸಿದ್ದನ್ನ ನಾನೇ ನೋಡಿದೀನಿ. ಬಿದ್ರೆ ಎಂಜಿನ್ ತಾನಾಗೇ ನಿಲ್ಲೋ ಹಾಗೆ ಜಾಕೆಟ್ಟಿಗೆ ಸಿಕ್ಕಿಸ್ಕೊಳ್ಳೋ ದಾರದ ಬಗ್ಗೆ ಕೂಡ ಹೇಳಲಿಲ್ಲ. ನೀವೇ ಕೇಳಿ ತಿಳ್ಕೊಳ್ಳಿ, ಕೇಳೋಕೆ ಸಂಕೋಚ ಬೇಡ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಇಂಥ ಲೇಖನ ಹಾಕುವಾಗ ಬಾಡಿಗೆ ದರದ ಪಕ್ಕದಲ್ಲೇ ಒಂದು ಬಾಕ್ಸ್ ಮಾಡಿ, ಕವಲಲ್ಲಿ ಕಾಯೋದು, ಐಸಿನ ದಪ್ಪ, ಸರ್ಟಿಫಿಕೇಟ್, ಈ ಮೂರನ್ನಾದ್ರೂ ಹಾಕಿ. ಡಿಸೆಂಬರ್ 1ಕ್ಕೆ ಇಲ್ಲಿ ಕ್ಲಬ್ ಟ್ರೇಲ್‌ಗಳ ಸೀಸನ್ ಶುರು ಆಗತ್ತೆ, ಅದಕ್ಕೂ ಮುಂಚೆ ಬಂದ್ರೆ ಟಿಕೆಟ್ ಬುಕ್ ಮಾಡ್ತಿರೋರಿಗೆ ಉಪಯೋಗ ಆಗತ್ತೆ.

ಇಂತಿ ನಿಮ್ಮ ಓದುಗ,
ಮಿನ್ನೆಸೋಟಾದಿಂದ ಒಬ್ಬ ಕನ್ನಡಿಗ