ಕುಂಬಳೆಯಲ್ಲಿ ಅಪ್ಪನ ತೋಳು ಹಿಡಿದ ಅಕ್ಕನಿಗೆ

ಕಳೆದ ಸೋಮವಾರ ಕುಂಬಳೆಯಲ್ಲಿ ಬದಿಯಡ್ಕದ ಬಸ್ಸಿಗೆ ನಡೆಯುವಾಗ ನನ್ನ 78ರ ಅಪ್ಪ ಮುಗ್ಗರಿಸಿದರು. ತೋಳು ಹಿಡಿದು ನಿಲ್ಲಿಸಿದ ಅಕ್ಕ, ಗಾಬರಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ. ತಪ್ಪು ನನ್ನದೇ. ನಡೆಯುತ್ತಿದ್ದ ಅಪ್ಪನ ಹತ್ತಿರ ಅಡಿಕೆಯ ಧಾರಣೆ ವಿಚಾರಿಸುತ್ತಿದ್ದೆ.

"ಮಾತನಾಡಿಸುತ್ತ ನಡೆಸಬೇಡಿ" ಎಂದಿರಿ. ದೇಹದ ಸಮತೋಲನಕ್ಕಾಗಿ ಒಳಕಿವಿಯ ಅರೆವೃತ್ತ ನಾಳಗಳು, ಕಣ್ಣು, ಅಂಗಾಲು ಕಳಿಸುವ ಸುದ್ದಿಯನ್ನೆಲ್ಲ ಮೆದುಳು ಕ್ಷಣಕ್ಷಣಕ್ಕೂ ಹೊಂದಿಸಿಕೊಳ್ಳುತ್ತದೆ. ತಲೆಯ ಹಿಂಭಾಗದ ಕಿರುಮೆದುಳು ಹೆಜ್ಜೆಯನ್ನು ತಿದ್ದುತ್ತದೆ. ವಯಸ್ಸಾದಂತೆ ನಡಿಗೆಗೂ ಗಮನ ಬೇಕು, ಅದು ಮಾತಿಗೆ ಹೋದರೆ ಕಾಲು ತಪ್ಪುತ್ತದೆ. ಬಸ್ಸು ಬರುವುದರೊಳಗೆ ಇಷ್ಟನ್ನೂ ಹೇಳಿಕೊಟ್ಟಿರಿ. ಆಮೇಲೆ ಬಗ್ಗಿ ಅಪ್ಪನ ಹವಾಯಿ ಚಪ್ಪಲಿಯನ್ನು ಮಗುಚಿ ತೋರಿಸಿದಿರಿ. ಹಿಮ್ಮಡಿಯ ಕಡೆ ಬೆಳಕು ಕಾಣುವಷ್ಟು ಸವೆದಿತ್ತು! ಮಗನಾದ ನಾನು ನೋಡಿರಲೇ ಇಲ್ಲ.

ಈಗ ಹಿಂದೆ ಪಟ್ಟಿಯಿರುವ ಚಪ್ಪಲಿ ಬಂದಿದೆ, ಬಚ್ಚಲಿನ ದಾರಿಯಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತದೆ. ರಕ್ತದೊತ್ತಡ ತಟ್ಟನೆ ಇಳಿಯದಿರಲೆಂದು ಅಪ್ಪ ಹಾಸಿಗೆಯಲ್ಲಿ ಒಂದು ನಿಮಿಷ ಕುಳಿತೇ ಏಳುತ್ತಾರೆ. ಬೆಳಿಗ್ಗೆ ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುತ್ತಾರೆ. ಅಮ್ಮನಿಗೆ ಅದೊಂದು ಯಕ್ಷಗಾನ. ಧಾರಣೆಯ ಮಾತೆಲ್ಲ ಜಗಲಿಯಲ್ಲಿ ಕುಳಿತ ಮೇಲೆಯೇ.

ನಿಮಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆಗಳು. ಅಂದ ಹಾಗೆ, ಮರದ ಹಿಡಿಯ ನಿಮ್ಮ ಕಪ್ಪು ಕೊಡೆ ಅಪ್ಪನ ಕೈಯಲ್ಲೇ ಉಳಿದುಬಿಟ್ಟಿದೆ.